ಶರಣಮ್ಮ ಮೇಡಂ ತಮ್ಮ ಮೇಲೆ ಹಾಕಿಕೊಂಡದ್ದು

ಶರಣಮ್ಮ ಮೇಡಂ ‘ಮಲ’ ಎಂಬ ಮಾತನ್ನು ‘ಹಾಲು’ ಎಂಬಷ್ಟು ಸಲೀಸಾಗಿ ಆಡುತ್ತಿದ್ದರು. ಎತ್ತರದ ಆಳು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ. ಕಲಬುರಗಿಯ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದರು. ಕರುಳಿನ ಪಾಠದಲ್ಲಿ ಹಿಂದಿನ ಬೆಂಚಿನವರು ಕಿಸಕ್ಕೆಂದರೆ ಕನ್ನಡಕ ಹಣೆಗೇರಿಸಿ, “ನಗ್ರಿ, ನಗ್ರಿ. ಎರಡು ದಿನ ಆಗದಿದ್ರ ಗೊತ್ತಾಗ್ತದ ಅದರ ಕಿಮ್ಮತ್ತು” ಎನ್ನುತ್ತಿದ್ದರು. ಎಲ್ಲರೂ ನಗುವಾಗ ನಾನೊಬ್ಬಳು ತಲೆ ತಗ್ಗಿಸಿ ಕೂಡುತ್ತಿದ್ದೆ.

ನನ್ನ ದೊಡ್ಡಕರುಳಿನಲ್ಲಿ ಹುಣ್ಣಾಗಿ ರಕ್ತ ಬೀಳುತ್ತಿತ್ತು. ಡಾಕ್ಟರನ್ನು ಬಿಟ್ಟರೆ ಅವ್ವನಿಗಷ್ಟೇ ಗೊತ್ತು. ಸ್ಟಿರಾಯ್ಡ್ ಗುಳಿಗೆಗೆ ಮುಖ ಊದಿದಾಗ, “ಯಾರರೆ ಕೇಳಿದ್ರ ಥೈರಾಯ್ಡ್ ಅನ್ನು. ಲಗ್ನ ಆಗೂ ಹುಡುಗಿ ನೀ” ಎಂದಿದ್ದಳು. ಕನ್ನಡಿ ನೋಡಿಕೊಳ್ಳಲಾರದೆ ನಾನು ಆ ಗುಳಿಗೆಯನ್ನೇ ಬಿಟ್ಟುಬಿಟ್ಟೆ.

ಮೇಡಂ ಕೂಡ ನಮ್ಮ ಕಮಲಾಪುರದವರು. ಒಂದು ಸಂಜೆ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಸೀಟು ಸಿಕ್ಕಿತ್ತು. ಕಲಬುರಗಿ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಹೊಟ್ಟೆ ಹಿಂಡಿತು. ಹಲ್ಲು ಕಚ್ಚಿ ತಡೆದೆ. ತಡೆಯಲಾಗಲಿಲ್ಲ. ಹಿಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಯಾರ್ರೀ ಅದು, ಮಾನಗೇಡಿ!” ಎಂದು ಗಂಡಸೊಬ್ಬ ಕೂಗಿದ.

ಮೇಡಂ ನನ್ನ ಮುಖ ನೋಡಿದರು. ಎದ್ದು ನಿಂತರು.

“ನನಗ ಹೊಟ್ಟಿ ಕೆಟ್ಟದರೀ! ಗಾಡಿ ನಿಂದ್ರಸ್ರಿ. ಈ ಹುಡುಗಿ ನನ್ನ ಜೋಡಿ ಇಳೀತಾಳ.”

ತಮ್ಮ ಶಾಲಿನಿಂದ ಸೀಟು ಒರೆಸಿ, ಅದನ್ನು ಸುತ್ತಿ ಕಂಕುಳಲ್ಲಿ ಹಿಡಿದು, ನನ್ನ ಬೆನ್ನಿಗೆ ಅಂಟಿಕೊಂಡಂತೆ ನಡೆದು ಇಳಿದರು. ನಮ್ಮ ಕಾಲೇಜಿನ ಹುಡುಗರು ಕಿಟಕಿಯಿಂದ ಬಗ್ಗಿ ಅವರನ್ನೇ ನೋಡುತ್ತಿದ್ದರು.

ರಸ್ತೆ ಬದಿಯ ಒಂದು ಹೊಲದ ಮನೆಯಲ್ಲಿ ನೀರು ಕೇಳಿದರು, ಹಳೆಯ ಸೀರೆಯೊಂದನ್ನು ಕೇಳಿ ತಂದರು. ಬಚ್ಚಲಲ್ಲಿ ತಾವೇ ನೀರು ಹಾಕುತ್ತ ಕೇಳಿದರು: “ಗುಳಗಿ ಬಿಟ್ಟೀಯೇನು?”

“ನಿಮಗ ಹ್ಯಾಂಗ ಗೊತ್ತಾಯ್ತರಿ?”

“ಊದಿದ್ದ ಮುಖ ಇಳದದಲ್ಲ. ಸ್ಟಿರಾಯ್ಡ್ ಒಮ್ಮಿಗೇ ಬಿಡಬಾರದವ್ವ. ಡಾಕ್ಟರ್ ಹೇಳಿದಂಗ ಇಳಸ್ಕೋತ ಬರಬೇಕು. ನಾಳಿ ನಾನೂ ಬರ್ತೀನಿ, ನಡಿ.”

ಮರುದಿನ ಬಂದರು. ಡಾಕ್ಟರ ಮುಂದೆ ನಾನು ನುಂಗಿಕೊಂಡ ಮಾತುಗಳನ್ನೆಲ್ಲ ಅವರೇ ಹೇಳಿದರು. ಗುಳಿಗೆ ಮತ್ತೆ ಶುರುವಾಯಿತು, ಜೊತೆಗೆ ಇನ್ನೊಂದು ಔಷಧಿಯೂ ಬಂತು.

ಸುಧಾರಿಸಿಕೊಂಡು ಕಾಲೇಜಿಗೆ ಹೋದ ದಿನ ಬೋರ್ಡಿನ ಮೇಲೆ ಯಾರೋ ತಂಬಿಗೆಯ ಚಿತ್ರ ಬಿಡಿಸಿ, ಕೆಳಗೆ ‘ಶರಣಮ್ಮ ಎಕ್ಸ್‌ಪ್ರೆಸ್’ ಎಂದು ಬರೆದಿದ್ದರು. ಮೇಡಂ ಅದನ್ನು ಅಳಿಸಿ ಅಲ್ಲೇ ಒಂದು ಜೀವಕಣ ಬರೆದರು.

“ಇದು ನಮ್ಮನ್ನ ಕಾಯೋ ಕಣ. ಇದರ ಗ್ವಾಡ್ಯಾಗ ಪೊಟ್ಯಾಸಿಯಂ ಹೊರಗ ಹೋಗಾಕ ಸಣ್ಣ ಸಣ್ಣ ಬಾಗಲಾ ಅವ. ಅದು ಹೊರಗ ಹೋದಂಗ ಕ್ಯಾಲ್ಸಿಯಂ ಒಳಗ ಬರ್ತದ, ಕಣ ಕೆರಳತದ. ಕರುಳಿನ ಬ್ಯಾನ್ಯಾಗ ಮನಿ ಕಾಯೋನೇ ಮನಿಗಿ ಬೆಂಕಿ ಹಚ್ತಾನ. ಆ ಬಾಗಲಾ ಮುಚ್ಚಿದ್ರ ಬೆಂಕಿ ಆರೀತೇನು ಅಂತ ನೋಡಾಕತ್ತಾರ. ಔಷಧ ಇನ್ನಾ ಕೈಗಿ ಬಂದಿಲ್ಲ.”

“ಕಮಲಾಪುರದ ಕೆಂಪು ಬಾಳಿಹಣ್ಣಿನಾಗ ಪೊಟ್ಯಾಸಿಯಂ ಅದಲ್ಲರಿ?” ಎಂದು ಗೆಳತಿಯೊಬ್ಬಳು ಕೇಳಿದಳು.

“ಬಾಳಿಹಣ್ಣು ಹೊಟ್ಟಿಗಿ, ಔಷಧ ಬಾಗಲಿಗಿ. ಎರಡೂ ಕಲಸಬ್ಯಾಡ.”

“ಬಸ್ಸಿನ್ಯಾಗ ನಿಮ್ಮ ಬಾಗಲಾ ಮುಚ್ಚಿದ್ದಿಲ್ಲೇನ್ರಿ ಮೇಡಂ?” ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ತರಗತಿಯೇ ನಕ್ಕಿತು. ಮೇಡಂ ಕೂಡ ನಕ್ಕರು. ಅವರು ನಕ್ಕದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಎದ್ದು ನಿಂತೆ.

“ಬಸ್ಸಿನ್ಯಾಗ ಆಗಿದ್ದು ಮೇಡಂಗಲ್ಲ. ನನಗ.”

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನಿಸಿತು. ಮೇಡಂ, “ಕೂಡವ್ವ” ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು. ಆಮೇಲೆ ಹೊರಗೆ ಸಿಕ್ಕಾಗ ಕೇಳಿದರು: “ಯಾಕ ಹೇಳ್ದಿ? ನನಗದು ಭಾರ ಆಗಿದ್ದಿಲ್ಲ.”

“ನನಗ ಆಗಿತ್ತರಿ.”

ಅಂದಿನಿಂದ ಆ ಹುಡುಗರೇ ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟು ನನಗೆ ಬಿಟ್ಟುಕೊಡುತ್ತಿದ್ದರು. ಕೂಡುವಾಗಲೆಲ್ಲ ಮುಖ ಕೆಂಪಾಗುತ್ತಿತ್ತು. ಔಷಧಿಯಿಂದ ಹುಣ್ಣು ಮಾಯ್ದರೂ ನಾಚಿಕೆ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಮೇಡಂಗೆ ಲಕ್ವಾ ಹೊಡೆದ ಸುದ್ದಿ ಬಂತು. ಕಮಲಾಪುರದ ಅವರ ಮನೆಗೆ ಹೋದೆ. ಅವರ ತಂಗಿ ಬಾಗಿಲು ತೆರೆದರು. ಮಂಚದ ಹತ್ತಿರ ಹೋದಾಗಲೇ ವಾಸನೆ ಬಂತು. ಮೇಡಂ ನನ್ನನ್ನು ಕಂಡು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

“ನಾ ತೊಳೀತೀನ್ರಿ ಮೇಡಂ.”

“ಬ್ಯಾಡ.” ನಾಲಿಗೆ ತೊದಲುತ್ತಿತ್ತು. “ನೀ ನೋಡಬ್ಯಾಡ. ಹೊರಗ ಹೋಗವ್ವ.”

ಹಠ ಮಾಡಬಹುದಿತ್ತು. ಆದರೆ ಆ ದನಿ ಎಂಥದೆಂದು ನನಗೆ ಗೊತ್ತಿತ್ತು. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಒಳಗೆ ತಂಗಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅಷ್ಟು ವರ್ಷ ಆ ಮಾತನ್ನು ಹಾಲಿನಂತೆ ಆಡಿದವರು ನನ್ನೆದುರು ಹಾಗೆ ಕುಗ್ಗಿದ್ದಕ್ಕೆ, ನಾನು ಹೇಳದೆ ಕೇಳದೆ ಹೋಗಿ ನಿಂತದ್ದಕ್ಕೆ, ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕರೆದ ಮೇಲೆ ಒಳಗೆ ಹೋದೆ. ಅವರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಅದಾದ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಆ ದಿನ ಮಾತ್ರ ಚಾದರದ ಕೆಳಗಿಂದ ಶಕ್ತಿಯಿದ್ದ ಕೈಯನ್ನು ತಾವಾಗಿಯೇ ಹೊರಗೆ ಚಾಚಿದರು. ಹಿಡಿದುಕೊಂಡೆ. ಇಬ್ಬರೂ ಗೋಡೆ ನೋಡುತ್ತ ಬಹಳ ಹೊತ್ತು ಹಾಗೆಯೇ ಇದ್ದೆವು.