ಕೆಳಮನೆಯವರ ಬೆಣ್ಣೆ

ಚಿಕ್ಕವಳಿದ್ದಾಗ ನಾನು ಬ್ರೆಡ್ಡನ್ನು ಒಳಗಿನಿಂದ ತಿನ್ನುತ್ತಿದ್ದೆ. ಒಂದು ತುದಿ ಕತ್ತರಿಸಿ, ತಿರುಳನ್ನು ಬೆರಳಿನಿಂದ ಬಗೆದು ತಿಂದು, ಉಳಿದ ಪೊಳ್ಳು ಚಿಪ್ಪಿಗೆ ಶೇಂಗಾ ಚಟ್ನಿ, ಮೊಸರು ತುಂಬಿ ಅದನ್ನೂ ಮುಗಿಸುತ್ತಿದ್ದೆ. ಜೋಳದ ರೊಟ್ಟಿ ಮುಟ್ಟುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದ ಅವ್ವನಿಗೆ ಇದೊಂದು ಅವಮಾನ.

"ರೊಟ್ಟಿ ತಿನ್ನಲಾರದಾಕೀನ ಯಾರು ಮಾಡ್ಕೋತಾರ?" ಎನ್ನುತ್ತಲೇ ಭಾನುವಾರ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು.

ಆಗ ನಾವು ಮಲ್ಕಾಜ್‌ಗಿರಿಯಲ್ಲಿದ್ದೆವು, ಅಪ್ಪ ರೈಲ್ವೆಯಲ್ಲಿದ್ದರು, ಕ್ವಾರ್ಟರ್ಸಿನ ಮೇಲ್ಮಹಡಿ ನಮ್ಮದು. ಅವ್ವನಿಗೆ ಬ್ರೆಡ್ ಕಲಿಸಿದವರು ಕೆಳಮನೆಯ ಗಾರ್ಡ್ ಸಾಹೇಬರ ಹೆಂಡತಿ. ಅವರ ಮಣಿಕಟ್ಟು ನೋಯತೊಡಗಿದ ಮೇಲೆ ಎರಡೂ ಮನೆಯ ಹಿಟ್ಟನ್ನು ಅವ್ವನೇ ನಾದಿದಳು. ಅವರದಕ್ಕೆ ಅವರೇ ಕಳಿಸಿದ ಹಾಲು, ಅವರು ಮಸ್ಕಾ ಎನ್ನುತ್ತಿದ್ದ ಬೆಣ್ಣೆ. ನಮ್ಮದಕ್ಕೆ ನೀರು, ಒಂದು ಚಮಚ ಎಣ್ಣೆ. ಮನೆಯಲ್ಲಿ ಓವನ್ ಇರಲಿಲ್ಲ. ಎರಡು ಡಬ್ಬಿಗಳನ್ನೂ ಬೇಕರಿಯ ಭಟ್ಟಿಗೆ ಒಯ್ದು, ಬೇಯಿಸಿ ತರುವುದು ನನ್ನ ಕೆಲಸ. ಬರುವಾಗ ಕೆಳಮನೆಯವರದನ್ನು ಕೆಳಗೇ ಕೊಟ್ಟು ಮೇಲೆ ಹತ್ತುತ್ತಿದ್ದೆ.

ಎರಡೂ ಒಂದೇ ಅಳತೆಯ ಡಬ್ಬಿ. ಬೆಂದ ಮೇಲೆ ಅವರದು ತುಸು ಹೆಚ್ಚು ಉಬ್ಬಿರುತ್ತಿತ್ತು, ಮೆತ್ತಗಿರುತ್ತಿತ್ತು. ನಾನು ಆಮೇಲಾಮೇಲೆ ಅದನ್ನೇ ಮನೆಗೆ ತಂದೆ. ನಮ್ಮದನ್ನು ಕೆಳಗೆ ಕೊಟ್ಟೆ. ಎಷ್ಟು ವಾರ ಹೀಗೆ ಮಾಡಿದೆ ಎಂದು ಈಗ ಖಚಿತವಾಗಿ ಹೇಳಲಾರೆ. ಒಂದು ಭಾನುವಾರ ಅವ್ವ ಹಿಟ್ಟು ನಾದಲಿಲ್ಲ. ಆಮೇಲೆ ವರ್ಷಗಟ್ಟಲೆ ನಾದಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಕಳೆದ ತಿಂಗಳು ನನ್ನ ಮಗಳು ಅದೇ ಬ್ರೆಡ್ ಬೇಕೆಂದು ಹಟ ಹಿಡಿದಳು. ಅಜ್ಜಿಯ ಬ್ರೆಡ್ಡಿನ ಕಥೆಯನ್ನು ಅವಳಿಗೆ ನಾನೇ ಹೇಳಿದ್ದೆ. ಅವ್ವ ನಮ್ಮ ಫ್ರಿಜ್ಜಿನ ಹಾಲು, ಬೆಣ್ಣೆ ಹಾಕಿ ನಾದಿದಳು. ಓವನ್ನಿನಿಂದ ತೆಗೆದು ಬಾಯಿಗಿಟ್ಟರೆ ಅದೇ ರುಚಿ. ಇಷ್ಟು ವರ್ಷ ನಾನು ಅವ್ವನ ಬ್ರೆಡ್ ಎಂದು ಹೊಗಳಿದ್ದು ಯಾರದನ್ನು? ಕೈ ಅವ್ವನದು, ಬೆಣ್ಣೆ ಕೆಳಮನೆಯವರದು. ಗೊಂದಲದಲ್ಲೇ ಕೇಳಿದೆ: "ಅವ್ವ, ಇದನ್ನ ಮಾಡೂದು ಯಾಕ ಬಿಟ್ಟಿ?"

"ನಾ ಎಲ್ಲಿ ಬಿಟ್ಟೆ? ಕೆಳಗಿನಾಕಿ ಬಿಡಿಸಿದ್ಲು. ಇಷ್ಟು ಮಸ್ಕಾ ಹಾಕಿದ್ದು ಹಿಂಗ ಕಲ್ಲಾಗತೈತೇನು ಅಂತ ಕೇಳಿ, ಡಬ್ಬಿ ಹೊಳ್ಳಿ ಒಯ್ದ್ಲು. ಬೆಣ್ಣಿ ನಾ ಕದ್ದೀನಿ ಅಂತ ತಿಳಕೊಂಡ್ಳು. ಅವರಿಗೆ ವರ್ಗ ಆಗೂತನಕ ಆಕಿ ಮಾರಿ ನೋಡಿಲ್ಲ ನಾ."

ನಾನು ಕೆಲಸ ಮಾಡುವ ಪತ್ರಿಕೆಯ ಸುದ್ದಿಮನೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಇಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಬ್ರೆಡ್ ಅದಲುಬದಲು ಮಾಡುತ್ತಿದ್ದುದನ್ನು ಇದ್ದಂತೆ ಹೇಳಿದೆ.

ಅವ್ವ ಬ್ರೆಡ್ ಕತ್ತರಿಸುತ್ತಿದ್ದ ಚಾಕು ಹಿಡಿದೇ ನನ್ನನ್ನು ನೋಡಿದಳು. "ಬೆಣ್ಣಿಗಳ್ಳಿ!" ಎಂದಳು. ಅದು ಸಿಟ್ಟೋ ನಗುವೋ ತಿಳಿಯಲಿಲ್ಲ.

"ನಿನಗ ಗೊತ್ತಾಗಲಿಲ್ಲೇನು, ನಾ ತಿನ್ನೂದು ಯಾವ್ದು ಅಂತ?"

"ನಾ ಎಲ್ಲಿ ತಿಂತಿದ್ದೆ ಅದನ್ನ? ನೀ ಖುಷೀಲೆ ತಿನ್ನಾಕತ್ತಿದ್ದಿ. ನನ್ನ ಕೈ ಕುದುರೈತಿ ಅನ್ಕೊಂಡೆ." ಮೊಮ್ಮಗಳಿಗೆ ಇನ್ನೊಂದು ಚೂರು ಕೊಟ್ಟು, "ಆಕೀನ ಹುಡುಕು. ಮಂದೀನ ಹುಡುಕೂದ ನಿನ್ನ ಕೆಲಸ ಅಲ್ಲೇನು?" ಎಂದಳು.

ಅಪ್ಪನ ಹಳೆಯ ಸಹೋದ್ಯೋಗಿಗಳ ಮೂಲಕ ಗಾರ್ಡ್ ಸಾಹೇಬರ ಹೆಂಡತಿಯ ನಂಬರು ಸಿಗಲು ನಾಲ್ಕು ದಿನ ಹಿಡಿಯಿತು. ಅವರು ಮಗನ ಜೊತೆ ನಾಗಪುರದಲ್ಲಿದ್ದರು. ಫೋನಿನಲ್ಲಿ ಅವ್ವನ ಹೆಸರು ಹೇಳುತ್ತಲೇ ಗುರುತು ಹಿಡಿದರು, ಆರೋಗ್ಯ ವಿಚಾರಿಸಿದರು, ಅವ್ವನ ಶೇಂಗಾ ಚಟ್ನಿ ನೆನೆದರು. ನಾನು ಬ್ರೆಡ್ಡಿನ ವಿಷಯ ತೆಗೆದೆ.

"ಬ್ರೆಡ್? ಕೌನ್ಸಾ ಬ್ರೆಡ್, ಬೇಟಾ?"

ಭಟ್ಟಿ, ಡಬ್ಬಿ, ಮಸ್ಕಾ, ಎಲ್ಲ ವಿವರಿಸಿದೆ. ಅವರಿಗೆ ಏನೂ ನೆನಪಿರಲಿಲ್ಲ. ಅವ್ವ ಪಕ್ಕದಲ್ಲೇ ನಿಂತಿದ್ದಳು, ನನ್ನ ತೋಳು ಹಿಡಿದು. "ಏನಂದ್ಲು? ಏನಂತಾಳ?"

ಯಾರು ಏನೆಂದರೋ ಅದನ್ನು ಹಾಗೆಯೇ ವರದಿ ಮಾಡುವುದು ನನ್ನ ವೃತ್ತಿ. ಅವರು ಮರೆತಿದ್ದಾರೆ ಎಂದರೆ ಅವ್ವನಿಗೆ ಸಮಾಧಾನವಾಗುತ್ತದೋ, ಇನ್ನಷ್ಟು ನೋವಾಗುತ್ತದೋ ನನಗೆ ಗೊತ್ತಾಗಲಿಲ್ಲ. ಫೋನನ್ನು ಅವಳ ಕೈಗೇ ಕೊಟ್ಟೆ.

ಅವ್ವ ಸೆರಗು ಸರಿಮಾಡಿಕೊಂಡಳು. ನಮಸ್ಕಾರವನ್ನೂ ಹೇಳದೆ, ತನ್ನ ಮುರುಕು ಹಿಂದಿಯಲ್ಲಿ ಜೋರಾಗಿ, "ದೀದಿ, ಮಸ್ಕಾ ಹಮ್ ನೈ ಲಿಯೆ" ಎಂದಳು.