ಉಸಿರು ಹಿಡಿದು ಬರೆದ ಅಕ್ಷರ

ಗೆರೆ ಎಳೆಯುವಾಗ ಬಾಷಾ ಸಾಬ್ರು ಉಸಿರು ಹಿಡಿಯುತ್ತಿದ್ದರು. ಶಿಕಾರಿಪುರದ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರು ಅವರು. ಬ್ರಷ್ಷು ಹಲಗೆಗೆ ತಾಗಿದ ಕ್ಷಣ ನಿಂತ ಉಸಿರು ಗೆರೆ ಮುಗಿದ ಮೇಲೆಯೇ ಹೊರಗೆ ಬರುತ್ತಿತ್ತು. ಬ್ರಷ್ಷಿನ ಕೆಲಸಕ್ಕೆ ಅದು ಸರಿಯೇ ಇರಬಹುದು. ಆದರೆ ಕಂಪ್ಯೂಟರಿನ ಮೌಸ್ ಹಿಡಿದಾಗಲೂ ಹಾಗೇ ಮಾಡುತ್ತಿದ್ದರು, ನನ್ನ ಕೈಲೂ ಮಾಡಿಸುತ್ತಿದ್ದರು. ಅಲ್ಲಿ ಗೆರೆ ಒಂದೇ ಬೀಸಿಗೆ ಬರುವುದಿಲ್ಲ. ಒಂದು ಚುಕ್ಕೆ ಒತ್ತಿ, ಎದ್ದುಹೋಗಿ ಚಹಾ ಕುಡಿದು ಬಂದು ಇನ್ನೊಂದು ಚುಕ್ಕೆ ಒತ್ತಿದರೂ ನಡೆಯುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳಿದರೆ, "ನೋಡು, ಮಾತಾಡಿ ಉಸಿರು ಬಿಟ್ಟಿ, ಅದಕ್ಕ ಅಕ್ಷರ ಸೊಟ್ಟ ಆತು" ಎನ್ನುತ್ತಿದ್ದರು. ಹೀಗೆ ಎರಡು ತಾಸು ಉಸಿರು ಕಟ್ಟಿ ಕೂತು, ತಲೆಸುತ್ತು ಬರಿಸಿಕೊಂಡು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಸೊರಬಕ್ಕೆ ವಾಪಸು ಬರುವುದು ನನ್ನ ಭಾನುವಾರದ ಪಾಡಾಗಿತ್ತು.

ನಾನು ಸೊರಬದಲ್ಲಿ ಬಡಗಿ. ಮರದಲ್ಲಿ ಏನು ಹೇಳಿದರೂ ಕೊಯ್ದು ಕೊಡುತ್ತೇನೆ, ಆದರೆ ಅಕ್ಷರ ಬರೆಯುವುದಕ್ಕೆ ನನ್ನ ಕೈ ಆಗಿಬರುವುದಿಲ್ಲ. ಮನೆಯ ದಿನಸಿ ಚೀಟಿಯನ್ನೂ ಹೆಂಡತಿಯೇ ಬರೆಯುತ್ತಾಳೆ. ಹಾಗಾಗಿ ಯಾರಾದರೂ ಮರದಲ್ಲಿ ಹೆಸರಿನ ಫಲಕ ಕೇಳಿದರೆ ಬಾಷಾ ಸಾಬ್ರ ಹತ್ತಿರ ಕಾಗದದ ಮೇಲೆ ಅಕ್ಷರ ಬರೆಸಿಕೊಂಡು ಬಂದು, ಅದನ್ನು ಹಲಗೆಗೆ ಅಂಟಿಸಿ, ಗೆರೆಯ ಗುಂಟ ಕೊಯ್ಯುತ್ತಿದ್ದೆ. ಫ್ಲೆಕ್ಸ್ ಬಂದು ಸಾಬ್ರ ಬೋರ್ಡಿನ ಕೆಲಸ ನಿಂತಿತು. ಆಮೇಲೆ ಅವರ ಕೈಯೂ ನಡುಗತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಕಟ್ಟೆಯ ಮೇಲೆ ಕೂತು ಫ್ಲೆಕ್ಸಿನವರನ್ನು ಬೈದುಕೊಂಡು ಇರುತ್ತಿದ್ದರು. ಇವರು ಅಳಿಯ ಬೇಡವೆಂದು ಬಿಟ್ಟಿದ್ದ ಹಳೇ ಕಂಪ್ಯೂಟರನ್ನು ಮನೆಗೆ ತಂದು, ಪುಕ್ಕಟೆ ಸಿಗುವ ಡಿಸೈನ್ ಸಾಫ್ಟ್‌ವೇರ್ ಒಂದನ್ನು ಹಾಕಿಸಿಕೊಂಡು, ಬರೀ ಹಟಕ್ಕೆ ಕಲಿತರು. ಕಲಿತ ಮೇಲೆ ನನಗೆ ಹುಕುಂ ಆಯಿತು. "ಇನ್ನ ಎಷ್ಟು ದಿನ ನನ್ನ ಕೈ ಕಾಯ್ತೀ ಮಂಜಪ್ಪ? ಐತಾರ ಐತಾರ ಬಾ. ಕಲಿ."

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದ್ದರಿಂದ ಪರದೆಯ ಮೇಲಿನ ಪ್ರತಿಯೊಂದಕ್ಕೂ ತಮ್ಮದೇ ಹೆಸರಿಟ್ಟಿದ್ದರು. ಗೆರೆಯ ಮೇಲೆ ಕೂರುವ ಚುಕ್ಕೆಗೆ ಗಂಟು. ಆ ಚುಕ್ಕೆಯಿಂದ ಎರಡೂ ಕಡೆ ಹೊರಡುವ, ಎಳೆದರೆ ಗೆರೆ ಬಾಗುವ ಕಡ್ಡಿಗಳಿಗೆ ಮೀಸೆ. ಎರಡು ಆಕಾರಗಳನ್ನು ಕೂಡಿಸಿ ಒಂದು ಮಾಡುವುದಕ್ಕೆ ಮದುವೆ. ಮಾಡಿದ ತಪ್ಪನ್ನು ಅಳಿಸಿ ಹಿಂದಕ್ಕೆ ಹೋಗುವುದಕ್ಕೆ ತೋಬಾ. "ಮೀಸಿ ಹಿಡ್ದು ಎಳಿ, ಹೆಚ್ಚಾತು, ತೋಬಾ ಹೊಡಿ, ಇನ್ನೊಂದು ತೋಬಾ, ಹಾಂ, ಈಗ ಮದುವಿ ಮಾಡು" ಎಂದು ಅವರು ಹೇಳುತ್ತ ಹೋದರೆ ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಜೈನಾಬಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡರೆ ಅಲ್ಲಿ ಯಾರೂ ಮೀಸೆಯ ಸುದ್ದಿ ಎತ್ತುತ್ತಿರಲಿಲ್ಲ, ಹಾಗಾಗಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಇಡೀ ಲೋಕ ಒಂದು ಭಾಷೆಯಲ್ಲಿ ಕಲಿತದ್ದನ್ನು ನಾನು ಬಾಷಾ ಸಾಬ್ರ ಭಾಷೆಯಲ್ಲಿ ಕಲಿತು ಕೂತಿದ್ದೆ.

ಟೈಪು ಮಾಡಲು ಬಿಡುತ್ತಲೇ ಇರಲಿಲ್ಲ. ಕೀಲಿ ಒತ್ತಿದರೆ ಅಕ್ಷರ ಸಿದ್ಧವಾಗಿ ಬಂದು ಕೂರುವ ಸೌಕರ್ಯ ಅದೇ ಕಂಪ್ಯೂಟರಿನಲ್ಲಿ ಇತ್ತು. ಆದರೂ ಅವರು ಹಿಂದೆ ಕೈಯಲ್ಲಿ ಬರೆದಿದ್ದ ಕಾಗದಗಳ ಫೋಟೋ ತೆಗೆದು, ಪರದೆಯ ಮೇಲೆ ಹಾಕಿಕೊಂಡು, ಅದರ ಮೇಲೆ ಒಂದೊಂದೇ ಗಂಟು ಇಡುತ್ತ ಬರಬೇಕು. 'ಅ' ಒಂದಕ್ಕೇ ಏಳು ಭಾನುವಾರ ಹೋಯಿತು. ತಾಳ್ಮೆಗೆಟ್ಟು ನಾನೊಮ್ಮೆ ಮನೆಯಲ್ಲಿ ಕದ್ದು ಮೊಬೈಲಿನಲ್ಲೇ ಒಂದು ಹೆಸರು ಟೈಪು ಮಾಡಿ, ಪೇಟೆಯ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಒಯ್ದೆ. ಬಾಗಿಲಲ್ಲಿ ನಿಂತು ಕಾಗದ ಬಿಡಿಸುತ್ತಿದ್ದಾಗಲೇ ಅವರಿಗೆ ಗೊತ್ತಾಯಿತು. "ಇದರಾಗಿನ ಎರಡೂ ಗ ಒಂದ ನಮೂನಿ ಅದಾವು. ಮನಷ್ಯಾ ಬರದ್ರ ಹಂಗ ಬರ್ತಾವೇನು? ಅಂಗಡಿ ಅಕ್ಷರ ಇದು, ಒಯ್ಯಿ" ಎಂದರು. ಆ ದಿನ ಪಾಠವಿಲ್ಲ. ಚಹಾ ಕೊಟ್ಟು ಕಳಿಸಿದರು.

ಇಷ್ಟೆಲ್ಲ ಸಹಿಸಿಕೊಂಡು ಯಾಕೆ ಹೋಗುತ್ತಿದ್ದೆ ಎಂದರೆ, ಅವರ ಅಕ್ಷರ ಚೆನ್ನಾಗಿತ್ತು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ. ತಲೆಕಟ್ಟು ಕೂದಲಿನಷ್ಟು ಸಣ್ಣ, ಹೊಟ್ಟೆ ತುಂಬಿ ದುಂಡಗೆ. ಮರದಲ್ಲಿ ಕೊಯ್ಯುವ ಹೆಸರಿಗೆ ಅಕ್ಷರಗಳು ಒಂದಕ್ಕೊಂದು ತಾಗಿರಲೇಬೇಕು. ಇಲ್ಲದಿದ್ದರೆ ಕೆಳಗಿನ ಒತ್ತಕ್ಷರ ಕೊಯ್ದ ಕೂಡಲೇ ಬೇರೆಯಾಗಿ ನೆಲಕ್ಕೆ ಬೀಳುತ್ತದೆ. ಎಲ್ಲಿ ತಾಗಿಸಬೇಕು, ತಾಗಿಸಿದ್ದು ಕಾಣದ ಹಾಗೆ ಹೇಗೆ ತಾಗಿಸಬೇಕು ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿದ್ದದ್ದನ್ನು ನಾನು ಕಂಡಿಲ್ಲ. ಆದರೆ ಮರ ಅವರಿಗೆ ಗೊತ್ತಿರಲಿಲ್ಲ. ಮರಕ್ಕೆ ಎಳೆ ಇರುತ್ತದೆ, ಎಳೆಯ ಗುಂಟ ಸಣ್ಣ ಗೆರೆ ತಡೆಯುತ್ತದೆ, ಎಳೆಗೆ ಅಡ್ಡ ಬಂದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ ಎಂದು ಎಷ್ಟು ಸಲ ಹೇಳಿದರೂ ಅವರ ಉತ್ತರ ಒಂದೇ. "ನಿನ್ನ ಮರದ ಸಲುವಾಗಿ ಅಕ್ಷರಕ್ಕ ಆನಿಕಾಲು ತರ್ಲೇನು?"

ಕುಬಟೂರಿನ ಸಾವಿತ್ರಕ್ಕ ನನ್ನಲ್ಲಿಗೆ ಬಂದದ್ದು ಆ ದಿನಗಳಲ್ಲೇ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು, ಹೊಸ ಮನೆ ಕಟ್ಟಿಸಿದ್ದರು. ಹಳೇ ಮನೆ ಕೆಡವಿದಾಗ ಉಳಿದದ್ದು ಅವರ ತಾಯಿ ದಿನಾ ತೆಗೆದು ಮುಚ್ಚುತ್ತಿದ್ದ ಕಣಜದ ಬಾಗಿಲಿನ ಎರಡು ಸಾಗುವಾನಿ ಹಲಗೆಗಳು. ಅದರಲ್ಲೊಂದನ್ನು ತಂದು, ಇದರಲ್ಲೇ ತಾಯಿಯ ಹೆಸರು 'ಗಂಗಮ್ಮ' ಎಂದು ಕೊಯ್ದು ಕೊಡಬೇಕು, ಹೊಸ ಬಾಗಿಲ ಮೇಲೆ ಹಾಕುತ್ತೇನೆ ಎಂದರು.

ಸಾಬ್ರೂ ನಾನೂ ಕೂತು ಮೂರು ಭಾನುವಾರ ಆ ಹೆಸರು ಬರೆದೆವು. ಚೆನ್ನಾಗಿಯೇ ಬಂತು. 'ಮ್ಮ' ಬಂದಾಗ ಜಗಳ ಶುರುವಾಯಿತು. ಮೇಲಿನ ಅಕ್ಷರದಿಂದ ಒತ್ತಕ್ಷರ ತೂಗಿಕೊಂಡಿರುವ ಕುತ್ತಿಗೆಯನ್ನು ಅವರು ಅಕ್ಕಿಕಾಳಿನಷ್ಟು ಸಣ್ಣ ಮಾಡಿದ್ದರು. ಹಲಗೆಯ ಎಳೆ ಅಡ್ಡಕ್ಕೆ ಹೋಗುತ್ತದೆ, ಈ ಕುತ್ತಿಗೆ ಮೇಲಿಂದ ಕೆಳಕ್ಕೆ ಬರುತ್ತದೆ, ನಿಲ್ಲುವುದಿಲ್ಲ ಎಂದೆ. ಅವರು ಕೇಳಲಿಲ್ಲ. ಮೊದಲು ಬೇರೆ ಮರದಲ್ಲಿ ಕೊಯ್ದು ನೋಡು ಎಂದರು. ಮುಂದಿನ ವಾರ ಪ್ಲೈವುಡ್ಡಿನಲ್ಲಿ ಕೊಯ್ದು ಒಯ್ದೆ. ಮುರಿಯಲಿಲ್ಲ. ಸಾಬ್ರು ಅದನ್ನು ಎತ್ತಿ ಹಿಡಿದು, ಅಲುಗಾಡಿಸಿ, ಜೈನಾಬಿಯವರನ್ನು ಕರೆದು ತೋರಿಸಿದರು. ಪ್ಲೈವುಡ್ಡಿನಲ್ಲಿ ಒಂದು ಪದರ ಉದ್ದ, ಒಂದು ಪದರ ಅಡ್ಡ, ಅದು ಮುರಿಯುವುದೇ ಇಲ್ಲ. ಸಾಗುವಾನಿಗೆ ಅದು ಸಾಕ್ಷಿಯಲ್ಲ. ಮೂವತ್ತು ವರ್ಷ ಮರ ಕೊಯ್ದವನಿಗೆ ಇದು ಗೊತ್ತಿರಬೇಕಾದದ್ದು. ಗೊತ್ತೂ ಇತ್ತು. ಅವರ ಜೊತೆ ವಾದ ಮಾಡಿ ಮಾಡಿ ಸಾಕಾಗಿ, ಆಗಲಿ ಎಂದುಬಿಟ್ಟೆ. ಅವರ ಹಟದ ಮೇಲೆ ಬಂದಷ್ಟೇ ಸಿಟ್ಟು ಆ ನನ್ನ ಒಂದು ಮಾತಿನ ಮೇಲೂ ಇದೆ.

ಹಲಗೆ ಕೊಯ್ದೆ. ಕೊಯ್ಯುವವರೆಗೂ ನಿಂತಿತ್ತು. ಮರಳುಕಾಗದ ಹಿಡಿದು ಉಜ್ಜುವಾಗ ಒತ್ತಕ್ಷರ ಚಟ್ಟೆಂದು ಕೈಗೆ ಬಂತು. ಬೆಚ್ಚಿ ಕೈಬಿಟ್ಟೆ, ಉಳಿದದ್ದು ನೆಲಕ್ಕೆ ಬಿದ್ದು 'ಮ'ದ ಬುಡದಲ್ಲಿ ಉದ್ದಕ್ಕೂ ಸೀಳಿತು. ಇನ್ನು ಅಂಟು ಹಾಕಿಯೂ ಉಪಯೋಗವಿರಲಿಲ್ಲ.

ಸಾವಿತ್ರಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎರಡನೇ ಹಲಗೆಯನ್ನು ತಂದು ನನ್ನ ಬೆಂಚಿನ ಮೇಲಿಟ್ಟು, "ಇದೊಂದೇ ಉಳ್ದಿರೋದು ಮಾರಾಯಾ. ಇದೂ ಹೋದ್ರೆ ಅವ್ವನ ಕೈ ಮುಟ್ಟಿದ್ದು ಅಂತ ಮನೇಲಿ ಏನೂ ಇರದಿಲ್ಲ" ಎಂದರು.

ಮುರಿದ ಚೂರು ಜೇಬಿಗೆ ಹಾಕಿಕೊಂಡು ಶಿಕಾರಿಪುರಕ್ಕೆ ಹೋದೆ. ಸಾಬ್ರ ಎದುರಿಗೆ ಅದನ್ನಿಟ್ಟು, ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ನೀವು ಬರೀ ಬಣ್ಣ ಬಳಿದವರು, ಮರದ ಮಾತು ನಿಮಗೆ ಯಾಕೆ ಎಂದೂ ಅಂದೆ. ಅವರು ಚೂರನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತಪ್ಪಾಯಿತು ಎನ್ನುತ್ತಾರೇನೋ ಎಂದು ಕಾದೆ.

"ಅಕ್ಷರ ಸರಿ ಐತಿ. ಮರ ಹಳೇದು" ಎಂದರು.

ನಾನು ಎದ್ದು ಬಂದೆ. ಚಹಾ ಕುಡಿಯಲಿಲ್ಲ. ಚೂರೂ ಅಲ್ಲೇ ಉಳಿಯಿತು.

ಮುಂದಿನ ಭಾನುವಾರ ಹೋಗಲಿಲ್ಲ, ಅದರ ಮುಂದಿನದಕ್ಕೂ ಹೋಗಲಿಲ್ಲ. ಅವರೇ ಫೋನು ಮಾಡಲಿ ಎಂದುಕೊಂಡೆ. ನಾಲ್ಕು ತಿಂಗಳಾಯಿತು. ಎರಡನೇ ಹಲಗೆ ಗೋಡೆಗೆ ಒರಗಿ ನಿಂತಿತ್ತು. ನನ್ನ ಕೈಯಲ್ಲಿ ಬರೆಯಲು ಭಯ, ಟೈಪು ಮಾಡಿದ ಅಂಗಡಿ ಅಕ್ಷರ ಹಾಕಲು ನಾಚಿಕೆ. ಸಾವಿತ್ರಕ್ಕ ಸೊರಬದ ಸಂತೆಗೆ ಬಂದಾಗಲೆಲ್ಲ ಒಮ್ಮೆ ಇಣುಕಿ, ಹಲಗೆ ನೋಡಿಕೊಂಡು ಹೋಗುತ್ತಿದ್ದರು.

ಕೊನೆಗೆ ಫೋನು ಬಂದದ್ದು ಜೈನಾಬಿಯವರಿಂದ. ಸಾಬ್ರು ತೀರಿಕೊಂಡು ಆಗಲೇ ಎರಡು ದಿನವಾಗಿತ್ತು. ಹೋದೆ. ಕಂಪ್ಯೂಟರಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಜೈನಾಬಿಯವರು ಒಂದು ಪೆನ್‌ಡ್ರೈವನ್ನೂ ನನ್ನ ಮುರಿದ ಚೂರನ್ನೂ ತಂದು ಕೈಗಿಟ್ಟರು. "ಈ ಚೂರು ಮುಂದ ಇಟ್ಕೊಂಡ ಕುಂತಿರ್ತಿದ್ರು. ಕೈ ನಡುಗತಿತ್ತು, ಬಿಡಂಗಿಲ್ಲ. ಆಚಾರಿ ಬಂದಾಗ ಕೊಡಬೇಕು ಅಂತಿದ್ರು" ಎಂದರು.

ಸೊರಬಕ್ಕೆ ಬಂದು ಪ್ರಿಂಟಿನ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲು ತೆರೆದೆ. 'ಗಂಗಮ್ಮ' ಎಂದಿತ್ತು. ಎರಡು ಗ ಎರಡು ಥರ. ಅಕ್ಷರಗಳ ಹಿಂದೆ ತೆಳು ಕಂದು ಬಣ್ಣದಲ್ಲಿ ನೂರಾರು ಗೆರೆಗಳು, ಎಡದಿಂದ ಬಲಕ್ಕೆ. ಮೊದಲು ಏನೆಂದು ತಿಳಿಯಲಿಲ್ಲ. ಚೂರನ್ನು ಪರದೆಯ ಪಕ್ಕ ಹಿಡಿದ ಮೇಲೆ ತಿಳಿಯಿತು. ಅದರ ಮೇಲಿದ್ದ ಮರದ ಎಳೆಗಳನ್ನು ನೋಡಿಕೊಂಡು, ನಡುಗುವ ಕೈಯಲ್ಲಿ, ಒಂದೊಂದನ್ನೇ ಇಡೀ ಹಲಗೆಯಷ್ಟು ಉದ್ದಕ್ಕೆ ಎಳೆದಿದ್ದರು. ಎಳೆಯ ಗುಂಟ ಹೋಗುವ ತಲೆಕಟ್ಟು ಮೊದಲಿನಷ್ಟೇ ಸಣ್ಣ. ಎಳೆಗೆ ಅಡ್ಡ ಬರುವ ಕಡೆಯೆಲ್ಲ ಗೆರೆ ದಪ್ಪ. ಒತ್ತಕ್ಷರದ ಕುತ್ತಿಗೆ ನನ್ನ ಹೆಬ್ಬೆರಳಿನಷ್ಟು ಅಗಲವಿತ್ತು. ಅವರು ಆನೆಕಾಲು ಎನ್ನುತ್ತಿದ್ದದ್ದು ಅದನ್ನೇ, ಅಷ್ಟು ದಪ್ಪವಿದ್ದೂ ಚೆಂದ ಕಾಣುತ್ತಿತ್ತು.

ಅದರಂತೆಯೇ ಕೊಯ್ದೆ. ಉಜ್ಜಿದೆ, ಎಣ್ಣೆ ಹಚ್ಚಿದೆ, ಮುರಿಯಲಿಲ್ಲ. ಈಗ ಕುಬಟೂರಿನ ಆ ಮನೆಯ ಬಾಗಿಲ ಮೇಲಿದೆ. ಸಾವಿತ್ರಕ್ಕ ಅದನ್ನು ಕೈಯಲ್ಲಿ ಸವರಿ, ಯಾರು ಬರೆದದ್ದು ಎಂದು ಕೇಳಿದರು. ಹೇಳಿದೆ.

ಸಾಬ್ರ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಮರದ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಎಂದು ಒಂದು ಫೋನು ಮಾಡಿದ್ದರೆ ಮೊದಲ ಬಸ್ಸು ಹಿಡಿದು ಹೋಗುತ್ತಿದ್ದೆ, ಪಕ್ಕದಲ್ಲಿ ಕೂತು ಆ ಗೆರೆಗಳಲ್ಲಿ ಅರ್ಧವನ್ನು ನಾನೇ ಎಳೆದುಕೊಡುತ್ತಿದ್ದೆ. ಅವರು ಮಾಡಲಿಲ್ಲ. ಆ ನಾಲ್ಕು ತಿಂಗಳೂ ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿತ್ತು. ನಾನೂ ಹತ್ತಲಿಲ್ಲ.