ಗುಮ್‌ಸಿಲ್ ಅಕ್ಕನ ಎಡಗೆನ್ನೆ

ಬುಸಾನಿನ ಗುಡ್ಡದ ಓಣಿಗಳನ್ನು ಹತ್ತಿಳಿಯುವ ನಮ್ಮ ಪುಟ್ಟ ಬಸ್ಸುಗಳಲ್ಲಿ ಚಾಲಕರ ಆಸನ ಎಡಕ್ಕಿದೆ. ಗುಮ್‌ಸಿಲ್ ಅಕ್ಕ ಅಲ್ಲಿ ಕೂತು ಇಪ್ಪತ್ತಾರು ವರ್ಷವಾಯಿತು. ಸಮುದ್ರದ ಕಡೆಯ ಬಿಸಿಲು ದಿನವೂ ಕಿಟಕಿಯಿಂದ ಬಂದು ಅವಳ ಎಡಗೆನ್ನೆಯ ತುಂಬ ಎಳ್ಳಿನಂಥ ಕಪ್ಪು ಕಲೆಗಳನ್ನು ಚೆಲ್ಲಿತ್ತು. ಬಲಗೆನ್ನೆ ಮಾತ್ರ ತಂಗಿ ಉನ್‌ಸಿಲ್‌ಳ ಕೆನ್ನೆಯ ಹಾಗೆಯೇ ಉಳಿದಿತ್ತು.

ಅವರಿಬ್ಬರೂ ಅವಳಿಗಳು. ಚಿಕ್ಕಂದಿನಲ್ಲಿ ಅವರಮ್ಮ ಒಬ್ಬಳಿಗೇ ಎರಡು ಸಲ ಉಣಿಸಿ ಇನ್ನೊಬ್ಬಳನ್ನು ಹಸಿವಿನಲ್ಲಿ ಮಲಗಿಸಿದ್ದೂ ಉಂಟಂತೆ. ಈಗ ಬೀದಿಯ ಕೊನೆಯಲ್ಲಿ ನಿಂತವರಿಗೂ ಯಾರು ಯಾರೆಂದು ತಿಳಿಯುತ್ತದೆ. ಮಾರ್ಚಿನಲ್ಲಿ ಇಬ್ಬರಿಗೂ ಅರವತ್ತು. ಒಂದೇ ಬಣ್ಣದ ಹಬ್ಬದ ಉಡುಗೆ ಹನ್‌ಬೋಕ್ ತೊಟ್ಟು ಫೋಟೊ ತೆಗೆಸಬೇಕು, ಅದರಲ್ಲಿ ಅಜ್ಜಿ ಯಾರೆಂದು ಮೊಮ್ಮಕ್ಕಳು ತಡಕಾಡಬೇಕು. ಅಕ್ಕನ ಆಸೆ ಇಷ್ಟೇ.

ಅಕ್ಟೋಬರಿನಲ್ಲಿ ಕಲೆ ತೆಗೆಸಲೆಂದು ಚರ್ಮದ ಆಸ್ಪತ್ರೆಗೆ ಹೋದಾಗ ನರ್ಸ್ ಅವಳ ಕಿವಿಯ ಹಿಂಭಾಗವನ್ನೂ ಕೆನ್ನೆಯನ್ನೂ ಹೋಲಿಸಿ ನೋಡಿದಳು.

“ಬಿಸಿಲಿಗೆ ಕಪ್ಪಾಗಿದೆಯಲ್ಲಮ್ಮ. ಯಂತ್ರದ ಬೆಳಕಿಗೆ ಕಲೆ ಯಾವ್ದು, ಬಿಸಿಲಿನ ಬಣ್ಣ ಯಾವ್ದು ಅಂತ ಗೊತ್ತಾಗಲ್ಲ. ಸುಟ್ಟುಬಿಡತ್ತೆ. ನಾಲ್ಕು ವಾರ ಬಿಸಿಲು ತಾಗಿಸಬೇಡಿ, ಸುಕ್ಕಿನ ಕ್ರೀಮ್ ಬಿಡಿ, ಮುಖ ಉಜ್ಜಬೇಡಿ.”

ತಿಂಗಳಿಗೊಂದರಂತೆ ಮೂರು ಸಲ ಬೆಳಕು ಹಾಯಿಸಬೇಕು. ನವೆಂಬರಿನಲ್ಲಿ ಸಿಕ್ಕ ಮೊದಲ ಸರದಿ ತಪ್ಪಿದರೆ ಮತ್ತೆ ಸಿಗುವುದು ಹೊಸ ವರ್ಷದ ಮೇಲೆ. ಆಗ ಮಾರ್ಚಿಗೆ ಮುಗಿಯುವುದಿಲ್ಲ.

ಅಂದಿನಿಂದ ಅಕ್ಕನಿಗೆ ಅಗಲ ಅಂಚಿನ ಟೋಪಿ, ಕಣ್ಣಿನವರೆಗೆ ಬಟ್ಟೆ. ಪ್ರತಿ ಸುತ್ತಿನ ಕೊನೆಗೆ ಕನ್ನಡಿ ಬಗ್ಗಿಸಿ ಬಿಸಿಲು ತಡೆಯುವ ಮುಲಾಮು ಹಚ್ಚುವಳು. ನಮ್ಮದೇ ಬಸ್ಸು ಎದುರಾದರೆ ಎಡಗೈ ಎತ್ತುವುದು ಚಾಲಕರ ವಾಡಿಕೆ. ಎದುರು ಬಸ್ಸು ಓಡಿಸುವ ನಾನು ಆ ನಾಲ್ಕು ವಾರ ಕಂಡದ್ದು ಅವಳ ಕೈಯೊಂದನ್ನೇ.

“ಯಾವ ಬ್ಯಾಂಕಿಗೆ ನುಗ್ತಿದೀಯ ಅಕ್ಕಾ?” ಅಂತ ಡಿಪೋದಲ್ಲಿ ಕೇಳಿದೆ.

“ನಿನ್ನ ಮುಖ ನೋಡಬಾರ್ದು ಅಂತಲೇ ಮುಚ್ಕೊಂಡಿರೋದು. ಗಾಡಿ ತೆಗಿ.”

ಸರದಿಯ ಹಿಂದಿನ ಸಂಜೆ ನಾವು ಮೂವರು ಹೆಂಗಸರೂ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋದೆವು. ಅಕ್ಕ ಬಿಸಿನೀರಿನ ತೊಟ್ಟಿಗೆ ಇಳಿಯದೆ ಉಗುರುಬೆಚ್ಚನೆಯ ನಲ್ಲಿಯ ಬಳಿ ಕೂತಳು. ಉನ್‌ಸಿಲ್ ಹಸಿರು ಉಜ್ಜುಬಟ್ಟೆಯನ್ನು ಕೈಗೆ ತೊಟ್ಟು ಅವಳ ಬೆನ್ನು ತಿಕ್ಕತೊಡಗಿದಳು. ಐವತ್ತು ವರ್ಷಗಳಿಂದ ಒಬ್ಬಳ ಬೆನ್ನನ್ನು ಇನ್ನೊಬ್ಬಳೇ ತಿಕ್ಕುವುದು. ಬೆನ್ನು, ಭುಜ, ಕತ್ತು ಮುಗಿದವು. ಕೈ ರೂಢಿಯಂತೆ ಮುಂದೆ ಹೋಯಿತು.

“ಅಯ್ಯೋ, ಕೆನ್ನೆ!”

ಅಕ್ಕ ಆ ಕೈ ಹಿಡಿಯುವಷ್ಟರಲ್ಲಿ ಒಂದು ಎಳೆತ ಬಿದ್ದಾಗಿತ್ತು. ಎಡಗೆನ್ನೆಯ ಮೇಲೆ ಬೆರಳಗಲದ ಕೆಂಪು ಗೀರು.

“ಡಾಕ್ಟ್ರ ಹತ್ರ ಕೊಳೆ ಮುಖ ಇಟ್ಕೊಂಡು ಹೋಗಬಾರ್ದಲ್ಲ ಅಂತ...” ಉನ್‌ಸಿಲ್‌ಳ ದನಿ ಸೋತಿತು.

“ನಾಲ್ಕು ವಾರ ಕಳ್ಳಿ ಥರ ತಿರುಗಿದ್ದು ನಿನ್ನ ಕೈಯಲ್ಲಿ ಉಜ್ಜಿಸ್ಕೊಳ್ಳೋಕಾ?”

ಉನ್‌ಸಿಲ್ ತಣ್ಣೀರಿನ ನಲ್ಲಿ ತಿರುಗಿಸಿದಳು. ಟವೆಲನ್ನು ತಣ್ಣೀರಿಗೆ ಅದ್ದಿ ಅಕ್ಕನ ಕೆನ್ನೆಗೆ ಒತ್ತಿ ಹಿಡಿದಳು. ಅದು ಬೆಚ್ಚಗಾದಾಗಲೆಲ್ಲ ಮತ್ತೆ ಅದ್ದಿದಳು. ಕೊನೆಗೆ ಅಕ್ಕನೇ ಹೇಳಿದಳು: “ಸಾಕು ಬಿಡೇ, ನಿನ್ನ ಕೈ ಮರಗಟ್ಟಿದೆ.”

ಮರುದಿನ ನನಗೆ ಬೆಳಗಿನ ಪಾಳಿ. ಎಷ್ಟು ಸಲ ಆಸ್ಪತ್ರೆಯ ನಿಲ್ದಾಣ ದಾಟಿದೆನೋ, ಅಷ್ಟು ಸಲವೂ ಅದರ ಬಾಗಿಲ ಕಡೆ ಕತ್ತು ಚಾಚಿದೆ. ಹನ್ನೊಂದರ ಸುತ್ತಿಗೆ ಇಬ್ಬರು ಹೆಂಗಸರು ಹತ್ತಿದರು. ಒಂದೇ ಥರದ ಟೋಪಿ, ಒಂದೇ ಥರದ ಬಟ್ಟೆ, ಕಾಣುವುದು ನಾಲ್ಕು ಕಣ್ಣುಗಳು ಮಾತ್ರ.

“ಏನಾಯ್ತು? ಹೇಳ್ರೇ,” ಅಂದೆ.

“ಗೀರು ಬಿಟ್ಟು ಉಳಿದದ್ದಕ್ಕೆಲ್ಲ ಬೆಳಕು ಹೊಡೆದ್ರು. ಆ ಬೆರಳಗಲ ಮುಂದಿನ ಸಲ,” ಅಂದಳು ಒಬ್ಬಳು.

“ಚುರ್ ಅಂದ್ರೂ ಅಳಲಿಲ್ಲ. ಪಕ್ಕದಲ್ಲಿದ್ದವಳು ಅತ್ತಳು,” ಅಂದಳು ಇನ್ನೊಬ್ಬಳು. ದನಿಯೂ ಒಂದೇ.

“ಇಬ್ಬರೂ ಯಾಕೆ ಮುಚ್ಕೊಂಡಿದೀರಿ?”

“ಉಜ್ಜಿದ ಕೈ ಮಾಡಿದ ತಪ್ಪಿಗೆ ಇದು ದಂಡ. ಮಾರ್ಚ್‌ವರೆಗೆ.”

“ಹಂಗಾದ್ರೆ ನಮ್ಮ ಅಕ್ಕ ಯಾರು?”

ನಾಲ್ಕು ಕಣ್ಣುಗಳೂ ನಗುತ್ತಿದ್ದವು. ನಿಜವಾಗಿಯೂ ನನಗೆ ತಿಳಿಯಲಿಲ್ಲ, ಹಾಗೆ ತಿಳಿಯದೆ ಹೋದದ್ದಕ್ಕೆ ಕುಣಿಯುವಷ್ಟು ಖುಷಿಯಾಯಿತು.

ಇಳಿಜಾರಿನ ತಿರುವಿನಲ್ಲಿ ನಮ್ಮದೇ ಬಸ್ಸು ಎದುರಾಯಿತು. ನಾನು ಕೈ ಎತ್ತಿದೆ. ಕನ್ನಡಿಯಲ್ಲಿ ನೋಡಿದರೆ, ಹಿಂದಿನ ಸೀಟಿನ ಇಬ್ಬರಲ್ಲಿ ಒಬ್ಬಳ ಎಡಗೈ ತಾನಾಗಿಯೇ ಮೇಲೆದ್ದಿತ್ತು.